ಬೋಟು ಮೂತಿ ಎತ್ತಿದ ಮಳೆಗಾಲ

ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಹೋದ ವಾರ ಯಾರೋ ಕಳೆ ಹೊಡೆಯುವ ಮೆಷಿನ್ ಓಡಿಸುತ್ತಿದ್ದರು. ಹಸಿ ಹುಲ್ಲಿನ ವಾಸನೆಯ ಜೊತೆಗೆ, ಪೆಟ್ರೋಲಿಗೆ ಆಯಿಲ್ ಬೆರೆಸಿ ಸುಟ್ಟಾಗ ಬರುವ ನೀಲಿ ಹೊಗೆ ಕಿಟಕಿಯಿಂದ ಒಳಗೆ ಬಂತು. ಓದುತ್ತಿದ್ದ ಪೇಪರನ್ನು ಮಡಚಿಟ್ಟು ಸುಮ್ಮನೆ ಕೂತೆ. ನನ್ನ ಹೆಂಡತಿ ಪಾರ್ವತಿ ಅಡುಗೆಮನೆಯಿಂದಲೇ ಕೂಗಿದಳು: "ರೀ, ಕಿಟಕಿ ಹಾಕ್ರೀ. ನಿಮ್ಮ ಬೋಟು ಬಾಗ್ಲಿಗೇ ಬಂದಂಗಾಯ್ತು."

ಅವಳಿಗೂ ಅದೇ ನೆನಪಾಗಿತ್ತು. ಕಿಟಕಿ ಹಾಕಲಿಲ್ಲ. ಆ ಹೊಗೆಯಲ್ಲಿ ಸ್ವಲ್ಪ ಹೊತ್ತು ಕೂರುವುದು ನನಗೆ ಬೇಕಾಗಿತ್ತು.

ನಾನು ಅಜ್ಜಂಪುರದವನು. ಹೈಸ್ಕೂಲು ಮುಗಿಸಿ ತರೀಕೆರೆಗೆ ಬಂದು, ಪಂಪ್‌ಸೆಟ್ಟು, ಟಿಲ್ಲರು, ಟ್ರ್ಯಾಕ್ಟರು ರಿಪೇರಿ ಮಾಡಿಕೊಂಡೇ ಕೂದಲು ಬೆಳ್ಳಗಾಯಿತು. ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟ ಮೇಲೂ ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟಿರಲಿಲ್ಲ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಾನೆ ಎಂದು ಜನ ಹೇಳುತ್ತಿದ್ದರು. ಹೇಳಿಸಿಕೊಂಡು ಹೇಳಿಸಿಕೊಂಡು ನಾನೂ ಅದನ್ನು ನಂಬಿಬಿಟ್ಟಿದ್ದೆ.

ಕೆಂಚಮ್ಮ ನನ್ನನ್ನು ಹುಡುಕಿಕೊಂಡು ಬಂದದ್ದು ಅಂಥ ದಿನಗಳಲ್ಲಿ. ಲಕ್ಕವಳ್ಳಿ ಆಚೆ, ಭದ್ರಾ ಹಿನ್ನೀರಿನ ಎದುರು ದಡದಲ್ಲಿ ಮೀನು ಹಿಡಿಯುವ ಕೆಲವು ಸಂಸಾರಗಳು ಗುಡಿಸಲು ಹಾಕಿಕೊಂಡಿದ್ದವು. ಎಲ್ಲರ ಬಳಿಯೂ ಇದ್ದದ್ದು ತೆಪ್ಪಗಳು. ಇಂಜಿನ್ ಇದ್ದ ಫೈಬರ್ ಬೋಟು ಕೆಂಚಮ್ಮನದೊಂದೇ. ಎಲ್ಲರ ಮೀನನ್ನೂ ಈಚೆ ದಡಕ್ಕೆ ತರುವುದು ಆ ಬೋಟು. ಓಡಿಸುವವನು ಆಕೆಯ ತಮ್ಮ ಹಾಲೇಶ. ಮೂವತ್ತು ದಾಟಿದ, ಮಾತು ಕಡಿಮೆಯ, ನೀರಿನಲ್ಲೇ ಹುಟ್ಟಿದಂತಿದ್ದ ಮನುಷ್ಯ.

ಆ ವರ್ಷ ಮಳೆ ಚೆನ್ನಾಗಿ ಹಿಡಿದಿತ್ತು. ಪುಷ್ಯ ಮಳೆ ಮುಗಿಯುವ ಹೊತ್ತಿಗೆ ನೀರು ಕಾಡಿನ ಅಂಚಿಗೆ ಏರಿ, ಗುಡಿಸಲುಗಳು ಇನ್ನೂ ಹಿಂದಕ್ಕೆ ಸರಿದಿದ್ದವು. ಬೋಟಿಗೆ ದಾರಿ ದೂರವಾಯಿತು. ಅದೇ ಸಮಯಕ್ಕೆ ಐಸ್ ತುಂಬಿಕೊಂಡು ಮೀನಿಗೆ ಬರುವ ವ್ಯಾನಿನವನು ಬೆಳಿಗ್ಗೆ ಬೇಗ ಹೊರಡತೊಡಗಿದ.

"ರುದ್ರಣ್ಣಾರೆ, ನನ್ ಬೋಟು ಎಮ್ಮೆ ಕಣ್ರೀ," ಎಂದಳು ಕೆಂಚಮ್ಮ, ಶೆಡ್ಡಿನ ಬಾಗಿಲಲ್ಲೇ ನಿಂತು. "ಎಷ್ಟು ಹೊಡುದ್ರೂ ಅದರ ನಡಿಗೇಲೇ ನಡೀತದೆ. ನಾವು ದಡ ಮುಟ್ಟೋ ಹೊತ್ಗೆ ವ್ಯಾನಿನ ಹಿಂದ್ಗಡೆ ದೀಪಾನೂ ಕಾಣಲ್ಲ. ಮೀನು ಅಲ್ಲೇ ಮೆತ್ತಗಾಯ್ತದೆ. ಹಿಂಗೇ ಆದ್ರೆ ಗುಡಿಸ್ಲು ಕಿತ್ಕಂಡು ಹೋಗೋದೇಯ ನಾವು."

ಕರಾವಳಿಯಲ್ಲಿ ಬಳಸಿದ ದೊಡ್ಡ ಇಂಜಿನ್ನೊಂದನ್ನು ಆಕೆ ಆಗಲೇ ತರಿಸಿದ್ದಳು. ಅದನ್ನು ಕೂರಿಸಿ, ಬೋಟು ಜೋರಾಗಿ ಓಡುವಂತೆ, ಹೇಳಿದ ಮಾತು ಕೇಳುವಂತೆ ಮಾಡಿಕೊಡಬೇಕು.

"ಮಾಡಾನ ಬಿಡಮ್ಮ. ಎಮ್ಮೇನ ಕುದುರೆ ಮಾಡ್ಕೊಡ್ತೀನಿ," ಎಂದೆ. ಅದುವರೆಗೆ ನಾನು ಬೋಟಿನಲ್ಲಿ ಕೂತವನೂ ಅಲ್ಲ. ಅಜ್ಜಂಪುರದ ಕಡೆಯವರಿಗೆ ನೀರೆಂದರೆ ಬೋರ್‌ವೆಲ್ಲಿನಿಂದ ಬರುವುದು. ನನಗೆ ಈಜು ಬರುವುದಿಲ್ಲ.

ಪಾರ್ವತಿಗೆ ಈ ಕೆಲಸ ಹಿಡಿಸಲಿಲ್ಲ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆ. "ಮೀನಿನ ಬೋಟು ಮುಟ್ಟಿ ಬಂದೋರು ಹಿತ್ಲಾಗೇ ಸ್ನಾನ ಮಾಡ್ಬೇಕು. ಅಂಗಿ ಒಳಗೆ ತಂದ್ರೆ ಬೆಂಕಿಗೆ ಹಾಕ್ತೀನಿ," ಎಂದು ಕಟ್ಟಪ್ಪಣೆ ಮಾಡಿದಳು. ಆಶ್ಲೇಷ ಮಳೆಯಲ್ಲಿ ಹಿತ್ತಲಿನ ನಲ್ಲಿಯ ಕೆಳಗೆ ನಡುಗುತ್ತಾ ಸ್ನಾನ ಮಾಡಿದ್ದು ಈಗಲೂ ಮೈಗೆ ನೆನಪಿದೆ.

ಇಂಜಿನ್ ಕೂರುವ ಹಿಂದಿನ ಹಲಗೆಗೆ ಪ್ಲೈವುಡ್ ಸೇರಿಸಿ, ಎರಡೂ ಕಡೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿಸಿದೆ. ಪೆಟ್ರೋಲ್ ಟ್ಯಾಂಕು, ಬ್ಯಾಟರಿ ಇಂಜಿನ್ನಿಗೆ ಹತ್ತಿರವೇ ಇರಲಿ ಎಂದು ಹಿಂದುಗಡೆಯೇ ಇಟ್ಟೆ. ಇಂಜಿನ್ನನ್ನು ಹಲಗೆಗೆ ಬಿಗಿಯುವ ಕ್ಲಾಂಪಿನಲ್ಲಿ ಸಾಲಾಗಿ ತೂತುಗಳು, ಅದರಲ್ಲೊಂದು ಪಿನ್ನು ಇತ್ತು. ಇಂಜಿನ್ನನ್ನು ಎತ್ತಿ ಸಾಗಿಸುವಾಗ ಬೇಕಾಗುವ ಏರ್ಪಾಡು ಇರಬೇಕು ಎಂದುಕೊಂಡು ಅದನ್ನು ಮುಟ್ಟಲಿಲ್ಲ.

ಹಾಲೇಶ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. "ಅಣ್ಣಾರೆ, ಬೋಟ್ ಕಟ್ಟಿದ ಮಲ್ಪೆಯೋರ ನಂಬ್ರು ನನ್ ಫೋನಲ್ಲೈತೆ. ಒಂದ್ಸಲ ಕೇಳಾನಾ?"

"ಏನೋ ಕೇಳೋದು? ಇಂಜಿನ್ ಅಂದ್ಮೇಲೆ ಇಂಜಿನ್ನು. ನೀರಲ್ಲಿದ್ರೇನು, ನೆಲದ ಮೇಲಿದ್ರೇನು?"

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಮೊದಲ ಸಲ ಓಡಿಸಿದಾಗ ನಾನು ದಡದಲ್ಲೇ ನಿಂತಿದ್ದೆ. ಹಾಲೇಶ ಆಕ್ಸಿಲರೇಟರ್ ತಿರುಗಿಸಿದ್ದೇ ಬೋಟು ಮೂತಿ ಎತ್ತಿತು. ಎಷ್ಟು ಎತ್ತಿತೆಂದರೆ, ಹಿಂದೆ ಕೂತಿದ್ದ ಅವನಿಗೆ ಮುಂದಿನ ನೀರೇ ಕಾಣುತ್ತಿರಲಿಲ್ಲ. ಇನ್ನೂ ಜೋರು ಮಾಡಿದರೆ ಮೂತಿ ಏಳುವುದು, ದಬ್ಬನೆ ಬೀಳುವುದು, ಮತ್ತೆ ಏಳುವುದು.

ಕೆಂಚಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನೋಡುತ್ತಿದ್ದಳು. "ಕುದುರೆ ಅಂದ್ರಲ್ರೀ, ಕಪ್ಪೆ ಮಾಡ್ಬಿಟ್ರಿ!"

ಸುತ್ತಲಿದ್ದವರು ನಕ್ಕರು. ಆ ನಗು ನನಗೆ ನಾಟಿತು. ಯೋಚಿಸುವುದಕ್ಕೂ ನಿಲ್ಲದೆ, "ಇದಕ್ಕೆ ಮದ್ದು ನನಗ್ಗೊತ್ತು," ಎಂದುಬಿಟ್ಟೆ.

ನಿಜಕ್ಕೂ ಗೊತ್ತಿದೆ ಎಂದೇ ತಿಳಿದಿದ್ದೆ. ಭಾರದ ಟ್ರೇಲರ್ ಎಳೆದುಕೊಂಡು ದಿಬ್ಬ ಹತ್ತುವ ಟ್ರ್ಯಾಕ್ಟರು ಹೀಗೇ ಮೂತಿ ಎತ್ತುತ್ತದೆ. ಅದಕ್ಕೆಂದೇ ಮುಂದುಗಡೆ ಕಬ್ಬಿಣದ ತೂಕದ ಬಿಲ್ಲೆಗಳನ್ನು ಸಿಕ್ಕಿಸುತ್ತಾರೆ. ಹಿಡಿ ಇರುವ, ಇಬ್ಬರು ಎತ್ತಬೇಕಾದಂಥ ಬಿಲ್ಲೆಗಳು. ಗುಜರಿಗೆ ಹೋದ ಟ್ರ್ಯಾಕ್ಟರಿನವು ನನ್ನ ಶೆಡ್ಡಿನಲ್ಲಿ ಬಿದ್ದಿದ್ದವು. ಮದ್ದು ಗುಟ್ಟಾಗಿರಲಿ ಎಂದು, ದಡದಲ್ಲಿ ಬೇರೆ ಯಾರೂ ಇಲ್ಲದಾಗ, ನಾನೂ ಹಾಲೇಶನೂ ಅವನ್ನು ತಂದು ಬೋಟಿನ ತುದಿಯಲ್ಲಿದ್ದ ಮುಚ್ಚಳದ ಪೆಟ್ಟಿಗೆಯೊಳಗೆ ಇಳಿಸಿದೆವು.

ಈಗ ಬೋಟು ಮೂತಿ ತಗ್ಗಿಸಿ, ಇಸ್ತ್ರಿ ಪೆಟ್ಟಿಗೆಯಂತೆ ನೀರಿನ ಮೇಲೆ ಜಾರಿತು. ಮಖೆ ಮಳೆಯ ತುಂತುರಿನಲ್ಲಿ ದಡದ ಜನ ಕೂಗಿದ ಕೂಗು ನನಗಿನ್ನೂ ಕೇಳುತ್ತದೆ. ಕೆಂಚಮ್ಮ ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟಳು. "ನಿಮ್ ಮನೆಯೋರು ಬೈಯಲ್ಲ, ಕುಡೀರಿ. ಇದು ಮೀನು ಮುಟ್ಟಿಲ್ಲ."

ನೇರ ದಾರಿಯಲ್ಲಿ ಬೋಟು ಸರಿಯಾಗಿಯೇ ಓಡುತ್ತಿತ್ತು. ತಿರುವುಗಳಲ್ಲಿ ಹಾಲೇಶ ತಾನಾಗಿಯೇ ನಿಧಾನ ಮಾಡುತ್ತಿದ್ದ. "ಯಾಕೋ ಮುಂದ್ಗಡೆ ಭಾರ ಅನ್ನಿಸ್ತದೆ ಅಣ್ಣಾರೆ," ಎಂದು ಒಮ್ಮೆ ಅಂದ. "ರೂಢಿ ಆಗ್ತದೆ ಬಿಡೋ," ಎಂದೆ.

ಹುಬ್ಬೆ ಮಳೆ ಬಿಟ್ಟು ಬಿಸಿಲು ಬಂದ ಒಂದು ಬೆಳಿಗ್ಗೆ ನಾನು ಈಚೆ ದಡಕ್ಕೆ ಹೋಗಿದ್ದೆ. ವ್ಯಾನಿನವನು ಎರಡು ಸಲ ಹಾರ್ನ್ ಹೊಡೆದಿದ್ದ. ಬೋಟು ದೂರದಲ್ಲಿ ಕಾಣುತ್ತಿತ್ತು. ಅಂದು ಮೀನು ಚೆನ್ನಾಗಿ ಬಿದ್ದಿತ್ತು. ಜಾಗ ಸಾಲದೆ ಕ್ರೇಟುಗಳನ್ನು ಮುಂದುಗಡೆಯೂ ಪೇರಿಸಿದ್ದರು. ಕೆಂಚಮ್ಮ ನಡುವೆ ಕೂತಿದ್ದಳು. ಮುಳುಗಿದ ಮರಗಳ ಒಣ ಬೊಡ್ಡೆಗಳು ನೀರಿನಿಂದ ತಲೆ ಎತ್ತಿ ನಿಂತ ಒಂದು ಜಾಗವಿದೆ. ಅಲ್ಲಿ ಬಲಕ್ಕೆ ತಿರುಗಲೇಬೇಕು. ಹಾರ್ನ್ ಕೇಳಿದ ಹಾಲೇಶ ವೇಗ ಇಳಿಸದೆ ತಿರುಗಿಸಿದ. ನಾನು ನೋಡುತ್ತಿದ್ದ ಹಾಗೆಯೇ ಬೋಟಿನ ಮೂತಿ ನೀರಿಗೆ ಹೊಕ್ಕಿತು. ಹಿಂಭಾಗ ಯಾರೋ ಹಿಡಿದು ಬೀಸಿದಂತೆ ಸುತ್ತಿತು. ಕೆಂಚಮ್ಮ ಎಗರಿ ಬೊಡ್ಡೆಗೆ ಬಡಿದು ನೀರಿಗೆ ಬಿದ್ದಳು.

ಹಾಲೇಶ ಹಿಂದೆಯೇ ಹಾರಿದ. ತೆಪ್ಪದವರು ಬಂದು ಇಬ್ಬರನ್ನೂ ಎತ್ತಿದರು, ಬೋಟನ್ನು ಎಳೆದು ತಂದರು. ಕೆಂಚಮ್ಮನ ಎಡಗೈ ಮುರಿದು ಜೋತಾಡುತ್ತಿತ್ತು. ಜೀವಕ್ಕೆ ಏನೂ ಆಗಿರಲಿಲ್ಲ.

ದಡದ ಮೇಲೆ ಎಲ್ಲರೂ ಹಾಲೇಶನ ಮೇಲೆ ಬಿದ್ದರು. "ಹೊಸ ಇಂಜಿನ್ ಸಿಕ್ತು ಅಂತ ಮೆರ್ಯಕ್ಕೋದ ನನ್ಮಗ!" ಎಂದು ಯಾರೋ ಬೈದರು.

"ಇಲ್ಲ ಕಣ್ರೋ, ಮೂತಿ ನೀರಿಗೆ ಹೊಕ್ಕಂಬಿಡ್ತು. ನಾನು ಎಷ್ಟು ಹಿಡಿದ್ರೂ ನಿಲ್ಲಿಲ್ಲ. ರುದ್ರಣ್ಣಾರನ್ನ ಕೇಳ್ರೋ!"

ಎಲ್ಲರೂ ನನ್ನ ಕಡೆ ನೋಡಿದರು. ಮುಂದುಗಡೆಯ ಕಬ್ಬಿಣ, ಅದರ ಮೇಲೆ ಕ್ರೇಟುಗಳ ಭಾರ, ತಿರುವಿನಲ್ಲಿ ಮೂತಿ ನೀರನ್ನು ಕಚ್ಚಿ ಹಿಡಿದದ್ದು, ಎಲ್ಲವೂ ನನಗೆ ಆ ಗಳಿಗೆಯಲ್ಲೇ ಹೊಳೆದಿತ್ತು. ಬಾಯಿಂದ ಬಂದದ್ದು ಬೇರೆ: "ಇಂಜಿನ್ ಸರಿಯಾಗೇ ಇದೆ. ತಿರುಗಿಸೋವಾಗ ಕೈ ಹಗೂರ ಇರ್ಬೇಕು."

ಹಾಲೇಶ ನನ್ನ ಮುಖವನ್ನೇ ನೋಡಿದ. ಆಮೇಲೆ ಅಕ್ಕನ ಜೊತೆ ವ್ಯಾನ್ ಹತ್ತಿ ತರೀಕೆರೆ ಆಸ್ಪತ್ರೆಗೆ ಹೋದ.

ಅಷ್ಟಕ್ಕೇ ನಿಲ್ಲಿಸಿದ್ದರೆ ಹೇಡಿ ಎಂದು ನನ್ನನ್ನು ನಾನು ಬೈದುಕೊಂಡು ಸುಮ್ಮನಾಗಬಹುದಿತ್ತು. ನಾನು ನಿಲ್ಲಿಸಲಿಲ್ಲ. ಜನ ಚೆಲ್ಲಿದ ಮೀನು ಆರಿಸುತ್ತಿದ್ದಾಗ, ಪೆಟ್ಟಿಗೆಯ ಮುಚ್ಚಳ ತೆಗೆದು ಆ ಬಿಲ್ಲೆಗಳನ್ನು ಒಂದೊಂದಾಗಿ ನಾನೊಬ್ಬನೇ ಎಳೆದು, ಉರುಳಿಸಿ, ನನ್ನ ಓಮ್ನಿಗೆ ತುಂಬಿದೆ. ಸೊಂಟ ಹಿಡಿದುಕೊಂಡಿತು. ಯಾರೋ ಕೇಳಿದರೆ ರಿಪೇರಿ ಸಾಮಾನು ಎಂದೆ.

ಸಂಜೆ ತೆಪ್ಪದವನೊಬ್ಬ ಆ ಬೋಟು ಓಡಿಸಿ ನೋಡಿದನಂತೆ. ತೂಕವಿಲ್ಲದ ಬೋಟು ಮತ್ತೆ ಮೂತಿ ಎತ್ತಿತು. "ಮೂತಿ ಹೊಕ್ತು ಅಂತಾನಲ್ಲ, ಇದು ಆಕಾಶ ನೋಡ್ತಾ ಐತೆ!" ಎಂದು ದಡದಲ್ಲೆಲ್ಲ ಮಾತಾಯಿತು. ಹಾಲೇಶ ನಿಜ ಹೇಳಿ ಸುಳ್ಳನಾದ. ಅಕ್ಕನ ಕೈಗೆ ಪ್ಲಾಸ್ಟರ್ ಹಾಕಿಸಿ ಗುಡಿಸಲಿಗೆ ಬಿಟ್ಟವನು ಯಾರ ಜೊತೆಗೂ ವಾದಕ್ಕೆ ನಿಲ್ಲದೆ ಮಾರನೆಯ ದಿನವೇ ಊರು ಬಿಟ್ಟ. ಬೋಟು ದಡಕ್ಕೆ ಬಿತ್ತು. ಮೀನು ಮತ್ತೆ ತೆಪ್ಪದಲ್ಲಿ ಬರತೊಡಗಿತು, ವ್ಯಾನು ಮತ್ತೆ ಕೈ ತಪ್ಪತೊಡಗಿತು.

ನಾನು ಶೆಡ್ಡಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಒಂದು ದಿನ ಸೌದೆ ತರಲು ಹೋದ ಪಾರ್ವತಿ ಮೂಗಿಗೆ ಸೆರಗು ಹಿಡಿದು ಬಂದಳು. "ಏನ್ರೀ ಅದು, ಕಬ್ಬಿಣ ಮೀನು ನಾರ್ತಾ ಇದೆ?"

"ಹಳೇ ತೂಕದ ಬಿಲ್ಲೆ ಕಣೇ."

"ಟ್ರ್ಯಾಕ್ಟರಿಂದಾ?"

"ಹೂಂ."

"ಟ್ರ್ಯಾಕ್ಟರ್ ಯಾವಾಗ್ರೀ ಮೀನು ಹಿಡಿಯಕ್ಕೋಗಿತ್ತು?" ಎಂದು ನಕ್ಕಳು. ನಾನು ನಗದಿದ್ದುದನ್ನು ನೋಡಿ ಅವಳ ನಗುವೂ ನಿಂತಿತು. ಸೀಗೆಪುಡಿ, ಬೂದಿ ಹಾಕಿ ಆ ಬಿಲ್ಲೆಗಳನ್ನು ಉಜ್ಜಿದೆ. ವಾಸನೆ ಹೋಗಲಿಲ್ಲ. ಅಥವಾ ನನ್ನ ಮೂಗಿಗೆ ಹೋಗಲಿಲ್ಲ.

ಹಸ್ತ ಮಳೆ ಶುರುವಾಗುವ ಮೊದಲು ಈರುಳ್ಳಿ ಎತ್ತಬೇಕೆಂದು ಅಜ್ಜಂಪುರದ ಕಡೆ ಎಲ್ಲರೂ ಅವಸರದಲ್ಲಿದ್ದರು. ನನ್ನ ಚಿಕ್ಕಪ್ಪನ ಮಗನ ಹೊಲಕ್ಕೆ ಹೋಗಿದ್ದೆ. ಕಿತ್ತ ಈರುಳ್ಳಿಯ ಘಾಟು, ಕೆಂಪು ಸಿಪ್ಪೆ ಗಾಳಿಗೆ ಹಾರಾಡುತ್ತಿತ್ತು. ಚೀಲ ಹೊಲಿಯುವವರ ಸಾಲಿನಲ್ಲಿ, ಕೈಯಲ್ಲಿ ದಬ್ಬಳ ಹಿಡಿದು ಹಾಲೇಶ ಕೂತಿದ್ದ.

"ನೀವಾ ಅಣ್ಣಾರೆ," ಎಂದ. "ಅಕ್ಕನ ಕೈ ಹೆಂಗೈತೆ? ಕಂಡ್ರಾ?"

ನಾನು ಒಂದು ಸಲವೂ ಹೋಗಿ ನೋಡಿರಲಿಲ್ಲ. "ನೀನ್ಯಾಕೋ ಇಲ್ಲಿ? ಟ್ರ್ಯಾಕ್ಟರ್ ಓಡ್ಸೋ ಕೆಲ್ಸ ಕೇಳಬಾರ್ದಾಗಿತ್ತಾ?"

"ಯಜಮಾನ್ರು ಕೊಡ್ತೀನಿ ಅಂದ್ರು. ನಾನೇ ಒಲ್ಲೆ ಅಂದೆ. ಓಡೋದು ಯಾವುದನ್ನಾದ್ರೂ ಹಿಡಿಯಕ್ಕೆ ಕೈ ನಡುಗ್ತದೆ. ಯಾಕಂಗಾಯ್ತು ಅಂತ ದಿನಾ ಯೋಚ್ನೆ ಮಾಡ್ತೀನಿ ಅಣ್ಣಾರೆ. ಒಂದೊಂದ್ಸಲ ನಂದೇ ತಪ್ಪು ಅನ್ನಿಸ್ತದೆ."

ಈರುಳ್ಳಿ ರಾಶಿಯ ಮೇಲೆಯೇ ಕೂತುಬಿಟ್ಟೆ. ಎಲ್ಲವನ್ನೂ ಹೇಳಿದೆ. ತೂಕ ಇಟ್ಟದ್ದು, ನೋಡಿದ ಕೂಡಲೇ ಕಾರಣ ತಿಳಿದದ್ದು, ಬಿಲ್ಲೆಗಳನ್ನು ಕದ್ದು ಸಾಗಿಸಿದ್ದು.

ಹಾಲೇಶ ಕೈಲಿದ್ದ ಚೀಲವನ್ನು ಕೊನೆಯವರೆಗೆ ಹೊಲಿದ. ಹುರಿ ಕಡಿದ. ಆಮೇಲೆ ತಲೆ ಎತ್ತಿ, "ಎಲ್ರ ಎದುರ್ಗೆ ನನ್ನ ಸುಳ್ಳ ಮಾಡಿದ್ರಿ. ಈಗ ಬಂದು ಈರುಳ್ಳಿ ಎದುರ್ಗೆ ನಿಜ ಹೇಳ್ತಾ ಇದೀರಿ. ಈರುಳ್ಳಿ ಏನ್ ಮಾಡ್ಲಿ ಹೇಳಿ?" ಎಂದ.

"ತಪ್ಪಾಯ್ತು ಕಣೋ."

"ದಡದ ಮೇಲೆ ಬಂದು ಹೇಳಿ. ಆಮೇಲೆ ನೋಡಾನ."

ಮರುದಿನ ಓಮ್ನಿಗೆ ಆ ಬಿಲ್ಲೆಗಳನ್ನು ಮತ್ತೆ ತುಂಬಿದೆ. ಹಿಂದಿನ ರಾತ್ರಿ ನನ್ನಿಂದ ಎಲ್ಲ ಕೇಳಿ ತಿಳಿದಿದ್ದ ಪಾರ್ವತಿ ಒಂದು ಕಡೆ ಹಿಡಿದು ಎತ್ತಿಕೊಟ್ಟಳು. ಮೀನು ತಾಗಿದ ಕಬ್ಬಿಣವನ್ನು ಅವಳು ಬರಿಗೈಯಲ್ಲಿ ಹಿಡಿದದ್ದನ್ನು ನಾನು ಮರೆಯಲಾರೆ. "ಹೇಳಿ ಬನ್ನಿ. ಇವತ್ತು ಬಿಸಿನೀರು ಕಾಯ್ಸಿರ್ತೀನಿ," ಎಂದಳು.

ತೆಪ್ಪದವರೆಲ್ಲ ಮೀನು ಇಳಿಸುವ ಹೊತ್ತಿಗೆ, ಈಚೆ ದಡದ ಕೆಸರಿನಲ್ಲಿ ಬಿಲ್ಲೆಗಳನ್ನು ಸಾಲಾಗಿ ಇಟ್ಟು, ಎಲ್ಲರೂ ಕೇಳುವಂತೆ ಹೇಳಿದೆ. ಬೆಳಗಿನ ಬಸ್ಸಿಗೆ ಬಂದಿದ್ದ ಹಾಲೇಶ ಹಿಂದೆ ಮರದ ಬಳಿ ನಿಂತಿದ್ದ. ಕೆಂಚಮ್ಮ ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡೇ ಹತ್ತಿರ ಬಂದಳು.

"ಒಂದೇ ಕೈಲೂ ನಿಮ್ಮನ್ನ ನೀರಿಗೆ ತಳ್ತೀನಿ ರುದ್ರಣ್ಣಾರೆ. ವಯಸ್ಸಿಗೆ ಮರ್ವಾದೆ ಕೊಟ್ಟು ಸುಮ್ಕಿದೀನಿ." ಆಮೇಲೆ ತಮ್ಮನ ಕಡೆ ತಿರುಗಿದಳು. "ಲೇ ಹಾಲೇಶಿ, ನಾನೂ ನಿನ್ನ ನಂಬ್ಲಿಲ್ವಲ್ಲೋ."

ಅವನು ನೆಲ ನೋಡಿಕೊಂಡು, "ನೀನು ಕೈ ನೋವಲ್ಲಿದ್ದೆ ಬಿಡಕ್ಕ," ಎಂದ.

ಪೊಲೀಸರಿಗೆ ಹೇಳುವುದೇ, ಬಿಡುವುದೇ ಎಂದು ಚರ್ಚೆ ನಡೆಯಿತು. ಕೆಂಚಮ್ಮ ಕೈ ಎತ್ತಿ ತಡೆದಳು. "ಬೋಟ್ ಕೆಡಿಸಿದ್ದು ಇವ್ರು, ಸರಿ ಮಾಡೋದೂ ಇವ್ರೇಯ. ಓಡ್ಸಿ ನೋಡೋ ಪ್ರತಿ ಸಲಾನೂ ಇವ್ರು ಒಳಗೆ ಕೂತಿರ್ಬೇಕು. ಮುಂದ್ಗಡೆ. ತೂಕ ಬೇಕಲ್ಲ ಇವ್ರಿಗೆ, ತಾವೇ ತೂಕ ಆಗ್ಲಿ."

"ನಂಗೆ ಈಜು ಬರಲ್ಲಮ್ಮ."

"ನಂಗೂ ಒಂದ್ ಕೈಲಿ ಈಜಕ್ಕೆ ಬರಲ್ಲ," ಎಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಒಂದನ್ನು ನನ್ನ ಮುಂದೆ ಎಸೆದಳು.

ಹಾಲೇಶನನ್ನು ನಾನೇ ಕೇಳಿಕೊಂಡು ಮಲ್ಪೆಗೆ ಫೋನ್ ಮಾಡಿಸಿದೆ. ಫೋನಿನ ಆ ಕಡೆಯವರು ಎಲ್ಲವನ್ನೂ ಕೇಳಿ, "ಎಂಥ ಮಾರಾಯ್ರೆ! ಮೂತಿ ಎದ್ದರೆ ಆ ಪಿನ್ನನ್ನು ಒಂದು ತೂತು ಒಳಗೆ ಹಾಕುವುದು. ಕಬ್ಬಿಣ ಯಾರು ಇಡ್ಲಿಕ್ಕೆ ಹೇಳಿದ್ದು ನಿಮಗೆ?" ಎಂದರು. ನಾನು ಮುಟ್ಟದೇ ಬಿಟ್ಟಿದ್ದ ಪಿನ್ನು! ಇಂಜಿನ್ನು ನೀರನ್ನು ಯಾವ ಕೋನದಲ್ಲಿ ನೂಕಬೇಕೆಂದು ಅದು ಹೇಳುತ್ತದಂತೆ. ಇಂಜಿನ್ ಕೂಡ ಬೇಕಾದ್ದಕ್ಕಿಂತ ಕೆಳಗೆ ಕೂತಿದೆ, ಸುಮ್ಮನೆ ನೀರನ್ನು ಉಳುತ್ತಿದೆ ಎಂದರು.

ಚಿತ್ತೆ ಮಳೆಯ ದಿನಗಳೆಲ್ಲ ಅದರಲ್ಲೇ ಕಳೆದವು. ಪಿನ್ನು ಬದಲಾಯಿಸಿದೆವು. ಇಂಜಿನ್ನನ್ನು ಒಂದು ಅಂಗುಲ ಮೇಲೆತ್ತಿದೆವು. ಟ್ಯಾಂಕು, ಬ್ಯಾಟರಿಗಳನ್ನು ನಡುವಿನ ಹಲಗೆಯ ಕೆಳಗೆ ತಂದೆವು. ಬೋಟನ್ನು ಮಗುಚಿ ಹಾಕಿ, ತಳಕ್ಕೆ ಹಿಡಿದ ಪಾಚಿ ಕೆರೆದು, ಹಳೆಯ ತೇಪೆಗಳ ಉಬ್ಬನ್ನು ಉಜ್ಜಿ ಸಮ ಮಾಡಿದೆವು. ಓಡುವಾಗ ನೀರು ಹಿಂಭಾಗವನ್ನು ಮೇಲೆತ್ತಿ ಮೂತಿ ತಗ್ಗಲಿ ಎಂದು, ಹಿಂಭಾಗದ ತಳದಲ್ಲಿ, ಎರಡು ಬದಿಗೂ, ಮರದ ಚಿಕ್ಕ ಬೆಣೆ ಕೊಟ್ಟೆವು. ಒಂದೊಂದು ಬದಲಾವಣೆಗೂ ಒಂದೊಂದು ಸವಾರಿ. ನಾನು ತುದಿಯಲ್ಲಿ ಎರಡೂ ಕೈಯಿಂದ ಅಂಚು ಹಿಡಿದು, ಕಣ್ಣು ಮುಚ್ಚಿ, ಕೊರಳಲ್ಲಿದ್ದ ಲಿಂಗವನ್ನು ನೆನೆಯುತ್ತಾ ಕೂತಿರುತ್ತಿದ್ದೆ.

"ಕಣ್ ಬಿಡಿ ಅಣ್ಣಾರೆ, ಮೂತಿ ಹೆಂಗೈತೆ ಅಂತ ಹೇಳೋರ್ಯಾರು?" ಎಂದು ಹಾಲೇಶ ಹಿಂದಿನಿಂದ ಕೂಗುತ್ತಿದ್ದ.

ದಡದಲ್ಲಿ ಕೂತ ಕೆಂಚಮ್ಮ ಅಲ್ಲಿಂದಲೇ ತೀರ್ಪು ಕೊಡುತ್ತಿದ್ದಳು: "ಇನ್ನೂ ಹೊಟ್ಟೆ ತೋರಿಸ್ತಾ ಐತೆ!" "ಎಡಕ್ಕೆ ವಾಲ್ತದೆ!" "ಈಗ ಪರ್ವಾಗಿಲ್ಲ ಕಣ್ರೋ!" ಬೆಣೆಯನ್ನು ಎಡಬದಿಯಲ್ಲಿ ಒಂದಿಷ್ಟು ದಪ್ಪ ಮಾಡಬೇಕೆಂದು ಕಂಡುಹಿಡಿದವಳು ಆಕೆಯೇ. ಕ್ರೇಟುಗಳು ಎಲ್ಲಿ ಕೂರಬೇಕೆಂದು ಹಾಲೇಶ ಬೋಟಿನ ನಡುವೆ ಕೆಂಪು ಬಣ್ಣದಲ್ಲಿ ಗೆರೆ ಎಳೆದ. ದಿನ ಕಳೆದಂತೆ ಅವನ ಕೈ ಹಿಡಿಕೆಯ ಮೇಲೆ ಗಟ್ಟಿಯಾಗುತ್ತಿದ್ದುದನ್ನು ನಾನು ಕಂಡೆ. ಆ ಬೊಡ್ಡೆಗಳ ತಿರುವಿನಲ್ಲಿ ಮಾತ್ರ ಅವನು ವೇಗ ಇಳಿಸುತ್ತಲೇ ಇದ್ದ.

ಸ್ವಾತಿ ಮಳೆಯ ಹೊತ್ತಿಗೆ ಕೆಂಚಮ್ಮನ ಪ್ಲಾಸ್ಟರ್ ಬಿಚ್ಚಿದ್ದರು. ಒಂದು ಬೆಳಗಿನ ಜಾವ ಖಾಲಿ ಬೋಟಿನಲ್ಲಿ ನಾವಿಬ್ಬರೇ ಆಚೆ ದಡಕ್ಕೆ ಹೊರಟೆವು. ನೀರಿನ ಮೇಲೆ ಮಂಜು ತೆಳ್ಳಗೆ ಹರಡಿತ್ತು. ಬೊಡ್ಡೆಗಳು ಹತ್ತಿರ ಬಂದವು.

"ಏನ್ ಮಾಡ್ಲಿ ಅಣ್ಣಾರೆ?" ಎಂದ ಹಾಲೇಶ. "ಇಳಿಸ್ಲಾ?"

"ಇಳಿಸ್ಬೇಡ," ಎಂದೆ. ಕಣ್ಣನ್ನೂ ಮುಚ್ಚಲಿಲ್ಲ.

ಅವನು ತಿರುಗಿಸಿದ. ಬೋಟು ಒಳಮಗ್ಗುಲಿಗೆ ವಾಲಿ, ನೀರನ್ನು ಒಂದು ಕಡೆ ಬೀಸಣಿಗೆಯಂತೆ ಚೆಲ್ಲಿ, ಸೀರೆಯ ಅಂಚು ಮಡಿಸಿದಷ್ಟು ಸಲೀಸಾಗಿ ತಿರುಗಿ ಮತ್ತೆ ನೆಟ್ಟಗಾಯಿತು. ಹಾಲೇಶ ಇನ್ನೊಂದು ಸುತ್ತು ಹಾಕಿ ಬಂದು ಅದೇ ತಿರುವನ್ನು ಅದೇ ವೇಗದಲ್ಲಿ ಮತ್ತೆ ತಿರುಗಿಸಿದ. ಹಿಂದೆ ತಿರುಗಿ ನೋಡಿದರೆ ಅವನ ಕಣ್ಣಲ್ಲಿ ನೀರಿತ್ತು. ಗಾಳಿಗೆ ಇರಬಹುದು.

ಆಚೆ ದಡದಲ್ಲಿ ಮೀನು ಸಿದ್ಧವಾಗಿತ್ತು. ಹೆಂಗಸರು ಕ್ರೇಟುಗಳನ್ನು ಕೆಂಪು ಗೆರೆಯೊಳಗೆ ಜೋಡಿಸಿದರು. ಕೈ ಮುರಿದ ದಿನವೇ, ಇನ್ನು ಈ ಬೋಟು ಹತ್ತುವುದಿಲ್ಲ ಎಂದು ಆಣೆ ಮಾಡಿದ್ದ ಕೆಂಚಮ್ಮ, ಯಾರೂ ಕರೆಯದೆಯೇ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಬಂದಳು. ಎಡಗೈಯಲ್ಲೇ ಅಂಚು ಹಿಡಿದು ಹತ್ತಿ, ತಮ್ಮನ ಎದುರಿಗೆ ಕೂತಳು. ತುದಿಯಲ್ಲಿ ಕೂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಇಳೀರಿ ರುದ್ರಣ್ಣಾರೆ. ತೂಕ ಬೇಕಾಗಿಲ್ಲ ಈಗ. ಮೀನಿಗೆ ಜಾಗ ಬೇಕು."

"ನಾನು ಇಲ್ಲೇ ಇರ್ಲಾ? ಒಬ್ನೇ?"

"ಬಂದು ಕರ್ಕಂಡೋಗ್ತಾನೆ ಬಿಡಿ. ನಂಬಿ ಸ್ವಲ್ಪ."

ಇಳಿದೆ. ಕಿತ್ತಳೆ ಜಾಕೆಟ್ಟಿನಲ್ಲೇ ಆಚೆ ದಡದ ಕೆಸರಿನಲ್ಲಿ ನಿಂತೆ. ಬೋಟು ಮೂತಿಯನ್ನು ಎತ್ತಲೂ ಇಲ್ಲ, ತಗ್ಗಿಸಲೂ ಇಲ್ಲ, ಭಾರ ಹೊತ್ತೇ ಹಗುರಾಗಿ ಹೋಯಿತು. ಬೊಡ್ಡೆಗಳ ಬಳಿ ಇಂಜಿನ್ನಿನ ಸದ್ದು ಇಳಿಯುತ್ತದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇಳಿಯಲಿಲ್ಲ. ಒಂದೇ ಶ್ರುತಿಯಲ್ಲಿ ತಿರುಗಿ, ಮಂಜಿನೊಳಗೆ ಕರಗಿತು.

ಬಿಸಿಲು ಏರುವ ಹೊತ್ತಿಗೆ ಬೋಟು ವಾಪಸು ಬಂತು. ಇಬ್ಬರೂ ಅದರಲ್ಲಿದ್ದರು. ಕೆಂಚಮ್ಮ ಏನನ್ನೋ ಹೇಳಿ ನಗುತ್ತಿದ್ದಳು, ಹಾಲೇಶ ಒಂದೇ ಕೈಯಲ್ಲಿ ಹಿಡಿಕೆ ಹಿಡಿದು ಇನ್ನೊಂದು ಕೈಯಲ್ಲಿ ಬೀಡಿ ಸೇದುತ್ತಿದ್ದ. ಮೊಣಕಾಲುದ್ದ ನೀರಿಗೆ ಇಳಿದು ಹೋಗಿ ಕೂಗಿದೆ:

"ವ್ಯಾನ್ ಸಿಕ್ತೇನ್ರೋ?"

"ವ್ಯಾನಾ?" ಎಂದಳು ಕೆಂಚಮ್ಮ. "ನಾವು ಹೋದಾಗ ಇನ್ನೂ ಬಂದೇ ಇರ್ಲಿಲ್ಲ ಕಣ್ರೀ. ಅವನಿಗೋಸ್ಕರ ನಾವೇ ಕಾಯ್ಕಂಡು ಕೂತಿದ್ವಿ!"